ತಲಿಯಾಗ ಉಣ್ಣಿ, ಮನಿತುಂಬ ಡಾಕ್ಟ್ರು

ಏನ್ರೀ, ರವಿವಾರ ಮುಂಜಾನೆ ನಾಯಿ ಕರಕೊಂಡು ವೇತಾಳ ಟೇಕಡಿ ಹತ್ತಿ ಬಂದ್ರಿ. ಗಿಡದ ಕೆಳಗ ಅಡ್ಡಾಗಿ ಫೋಟೊನೂ ತಗೊಂಡ್ರಿ. ಸಂಜಿಮುಂದ ತಲಿ ಬಾಚಕೋವಾಗ ಕಿವಿ ಹಿಂದ ಏನೋ ಗಂಟು ಕೈಗೆ ಹತ್ತಿತು. ನೋಡಿದ್ರ ಗಂಟಿಗೆ ಕಾಲು ಅದಾವ! ಖರೇ ಹೇಳ್ರಿ, ಮೊದಲ ಉಗುರು ಹಾಕಿ ಕೆರದ್ರಿ ಹೌದಿಲ್ಲೋ?

ಆಮ್ಯಾಲ ಮನಿಮಂದಿಯೆಲ್ಲ ಡಾಕ್ಟ್ರಾದ್ರು. ಅತ್ತಿಯವರು ಸೀಮಿಎಣ್ಣಿ ಅಂದ್ರು (ಪುಣೆದಾಗ ಈಗ ಅದು ಎಲ್ಲಿ ಸಿಗತೈತ್ರೀ?). ಮಗಳು ನೇಲ್ ಪಾಲಿಶ್ ತಂದ್ಳು. ಯಜಮಾನ್ರು ಊದಿನಕಡ್ಡಿ ಹಚಗೊಂಡು ಬಂದೇ ಬಿಟ್ರು, ಅದೂ ಎಣ್ಣಿ ಹಚ್ಚಿದ ಕೂದಲದ ಹತ್ರ! ಇವ್ಯಾವೂ ಬ್ಯಾಡ್ರಿ. ಕಿರಿಕಿರಿ ಆತು ಅಂತ ಉಣ್ಣಿ ಬಿಟ್ಟು ಹೋಗೂದಿಲ್ಲ. ಸಿಟ್ಟಿಗೆದ್ದು ತನ್ನ ಜೊಲ್ಲನ್ನ ನಿಮ್ಮ ಗಾಯದಾಗ ಕಕ್ಕಬಹುದು.

ಮಗಳ ಹುಬ್ಬಿನ ಪ್ಲಕರ್ ತಗೋರಿ, ಸಣ್ಣ ಮೊನೀದು. ಕೂದಲಕ್ಕ ನೀರು ಹಚ್ಚಿ ಬೈತಲಿ ತಗೀರಿ. ಒಬ್ರು ಮೊಬೈಲ್ ಟಾರ್ಚ್ ಹಿಡೀಲಿ (ವಿಡಿಯೊ ಬ್ಯಾಡ). ಉಬ್ಬಿದ ಹೊಟ್ಟಿ ಹಿಡೀಬಾರದು. ಚರ್ಮಕ್ಕ ಹತ್ತಿ ಬಾಯಿ ಎಲ್ಲೈತಿ, ಅಲ್ಲೇ ಹಿಡದು ನೆಟ್ಟಗ ಮ್ಯಾಲಕ್ಕ ಸಾವಕಾಶ ಎಳೀರಿ. ತಿರುವಬ್ಯಾಡ್ರಿ, ಝಟ್ಟನ ಜಗ್ಗಬ್ಯಾಡ್ರಿ.

ಚರ್ಮ ಒಂದಿಷ್ಟು ಮ್ಯಾಲೇಳತೈತಿ, ನೀವು "ಅಯ್ಯಯ್ಯೋ" ಅಂತೀರಿ, ಅಷ್ಟರಾಗ ಅದು ಬಿಟ್ಟಿರತೈತಿ. ಬಾಯಿ ತುಣುಕು ಒಳಗ ಉಳೀತಂದ್ರ ಸೂಜಿ ಹಾಕಿ ಕೆದರೋ ಚಟ ಬಿಡ್ರಿ, ಚರ್ಮನ ಅದನ್ನ ಹೊರಗ ಹಾಕತೈತಿ. ಸಾಬೂನು ನೀರಿಲೆ ತೊಳೀರಿ, ಮುಗೀತು.

ಮುಗೀತೆಲ್ಲಿ! ಹೇನು ಕುಕ್ಕಿದಂಗ ಎರಡು ಉಗುರಿನ ನಡುವ "ಚಟ್" ಅನಸೋ ಆಸೆ ಐತಲ್ರೀ ನಿಮಗ? ಕೈ ತಡೀರಿ. ಸ್ಪಿರಿಟ್‌ನ್ಯಾಗ ಹಾಕ್ರಿ. 1957ರಾಗ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ್ಯಾಗ ಮಂಗ್ಯಾ ಸತ್ತು ಬಿದ್ದು, ಮಂದಿಗೂ ಜ್ವರ ಬಂತಲ್ಲ, ಆ ಮಂಗನಕಾಯಿಲೆ ವೈರಸ್ ಹಬ್ಬಿಸಿದ್ದು ಉಣ್ಣಿ. ಅದನ್ನ ಗುರ್ತು ಹಿಡದವರು ನಿಮ್ಮ ಪುಣೆದವರ: 1952ರಾಗ ಶುರುವಾದ ವೈರಸ್ ರಿಸರ್ಚ್ ಸೆಂಟರ್, ಈಗಿನ ಎನ್‌ಐವಿ.

ಟೇಕಡಿ ಉಣ್ಣಿ ಕಡೀತಂದ್ರ ಮಂಗನಕಾಯಿಲೆ ಬಂತು ಅಂತಲ್ಲ, ಗೂಗಲ್ ಮುಚ್ಚ್ರಿ. ಸಾಗರ-ಸೊರಬ ಕಡೆ ತಿರಗ್ಯಾಡಿ ಬಂದಿದ್ರ, ಇಲ್ಲಾ ಸಿಂಧುದುರ್ಗಕ್ಕ ಹೋಗಿದ್ರ (2016ರಾಗ ಅಲ್ಲೂ ಕಾಣಿಸ್ಕೊಂಡೈತಿ), ಜ್ವರದ ಮ್ಯಾಲ ಜಾಸ್ತಿ ಕಣ್ಣಿಡ್ರಿ. ಎಲ್ಲೇ ಕಡೀಲಿ, ತಾರೀಕು ಕಾಲನಿರ್ಣಯದ ಮ್ಯಾಲ ಬರದಿಡ್ರಿ, ಹಾಲಿನ ಲೆಕ್ಕದ ಬಾಜೂಕ. ಜ್ವರ, ತಲಿನೋವು ಬಂದ್ರ ಡಾಕ್ಟರ ಮುಂದ "ಉಣ್ಣಿ ಕಡದಿತ್ತು" ಅನ್ರಿ. ನಾಚಿಕಿ ಯಾಕ?

ಹಾಂ, ನಾಯಿ ಕಿವಿ ನೋಡಿದ್ರೇನು? ನಿಮ್ಮ ದಿಂಬಿನ ಮ್ಯಾಲ ಮಲಗೇತಿ ನೋಡ್ರಿ. ಅದನ್ನೂ ನೋಡಿದ ಮ್ಯಾಲ ಮಗಳಿಗೆ ಹೊಸಾ ಪ್ಲಕರ್ ಕೊಡಸ್ರಿ (ಆಕಿ ಹುಬ್ಬು ತಿದ್ದಕೊಳ್ಳೋದ್ರಾಗ!).