ಚನ್ನರಾಯಪಟ್ಟಣ ಹೇಳಿದರು

ಬೇ ಏರಿಯಾದ ಕನ್ನಡಿಗರ ಮನೆಗಳಲ್ಲಿ ದನಿ ತಗ್ಗಿಸಿ ಹೇಳುವ ಸಂಗತಿಗಳು ಕೆಲವಿವೆ. ಗಂಡನಿಗೆ ಲೇಆಫ್ ಆದದ್ದು ಒಂದು. ಮಗ ಕಮ್ಯುನಿಟಿ ಕಾಲೇಜು ಸೇರಿದ್ದು ಇನ್ನೊಂದು. ನಮ್ಮ ಮನೆಯಲ್ಲಿ ಸೇರಿದ್ದು ಮಗನಲ್ಲ, ನಾನು, ಅದೂ ಪತ್ರಿಕೋದ್ಯಮಕ್ಕೆ. ಹಾಗಾಗಿ ಯಾರೂ ದನಿ ತಗ್ಗಿಸಲಿಲ್ಲ. ನಲವತ್ತು ದಾಟಿದ ಹೆಂಗಸು ಏನು ಓದಿದರೂ ಅದು ಟೈಂಪಾಸಿಗೆ ಎಂದು ಲೋಕ ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ. ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ಒಬ್ಬರು, "ಒಳ್ಳೇದಾಯ್ತು ಬಿಡಿ, ಮನೇಲಿ ಕೂತ್ರೆ ಬೇಜಾರಾಗತ್ತೆ" ಎಂದು ಸಮಾಧಾನ ಹೇಳಿ, ಹಿಂದೆ ನಿಂತವರ ಮಗಳಿಗೆ ಬರ್ಕ್‌ಲಿಯಲ್ಲಿ ಸೀಟು ಸಿಕ್ಕಿತೇ ಎಂದು ವಿಚಾರಿಸತೊಡಗಿದರು.

ಸಾಗರದಲ್ಲಿ ಬಿ.ಎ. ಎರಡನೇ ವರ್ಷದಲ್ಲಿದ್ದಾಗ ನನ್ನ ಮದುವೆಯಾಯಿತು. ಮಿಕ್ಕದ್ದನ್ನು ಅಲ್ಲಿ ಹೋಗಿ ಓದಿದರಾಯಿತು ಎಂದು ಬೀಗರು ಮಾತು ಕೊಟ್ಟಿದ್ದರು. ಮಾತು ಈಡೇರುವ ಹೊತ್ತಿಗೆ ಗ್ರೀನ್ ಕಾರ್ಡ್ ಬಂದಿತ್ತು, ಮಗನಿಗೆ ಮೀಸೆಯೂ ಬಂದಿತ್ತು.

ಕ್ಯಾಲಿಫೋರ್ನಿಯಾದಲ್ಲಿ ಕಮ್ಯುನಿಟಿ ಕಾಲೇಜುಗಳು 116 ಇವೆ. ರಾಜ್ಯದ ನಿವಾಸಿಗಳಿಗೆ ಯೂನಿಟ್ಟಿಗೆ 46 ಡಾಲರ್, ಅಂದರೆ ಮೂರು ಯೂನಿಟ್ಟಿನ ಒಂದು ಕೋರ್ಸಿಗೆ 138. ಸೇರಲು ಅಂಕಪಟ್ಟಿ ಬೇಡ, ಶಿಫಾರಸು ಬೇಡ, ಸೇರಿಸಿಕೊಳ್ಳುವುದಿಲ್ಲ ಎನ್ನುವವರೂ ಇಲ್ಲ. 1960ರಲ್ಲಿ ರಾಜ್ಯದವರು ಕೂತು ಒಂದು ಮಾಸ್ಟರ್ ಪ್ಲಾನ್ ಮಾಡಿದರು: ಹೈಸ್ಕೂಲು ಮುಗಿಸಿದವರಲ್ಲಿ ಮೇಲಿನ ಎಂಟನೇ ಒಂದು ಪಾಲು ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಕ್ಕೆ, ಮೇಲಿನ ಮೂರನೇ ಒಂದು ಪಾಲು ಸ್ಟೇಟ್ ಯೂನಿವರ್ಸಿಟಿಗೆ, ಕಮ್ಯುನಿಟಿ ಕಾಲೇಜಿನ ಬಾಗಿಲು ಮಾತ್ರ ಎಲ್ಲರಿಗೂ ತೆರೆದೇ ಇರತಕ್ಕದ್ದು. ಅಲ್ಲಿ ಎರಡು ವರ್ಷ ಓದಿ, 60 ಯೂನಿಟ್ ಗಳಿಸಿ, ಮೇಲಿನವರ ಅಂಗಳಕ್ಕೆ ನಡುವಿನಿಂದ ನುಗ್ಗಬಹುದು. ಇದಕ್ಕೆ ಟ್ರಾನ್ಸ್‌ಫರ್ ಎನ್ನುತ್ತಾರೆ.

ಅಪ್ಪಯ್ಯನಿಗೆ ಇದನ್ನು ವಿವರಿಸುವಷ್ಟರಲ್ಲಿ ನನ್ನ ಫೋನಿನ ಚಾರ್ಜ್ ಮುಗಿಯಿತು. ಅವರು ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಕೆ.ಎಸ್.ಆರ್.ಟಿ.ಸಿ. ಕಂಟ್ರೋಲರ್ ಆಗಿ ರಿಟೈರ್ ಆದವರು. "ಮಾರ್ಕ್ಸ್ ಕೇಳದೆ ಸೇರಿಸಿಕೊಳ್ಳೋದು ಎಂಥಾ ಕಾಲೇಜು ಮಾರಾಯ್ತಿ?" ಎಂಬುದು ಅವರ ಮೊದಲ ಆಕ್ಷೇಪ. ಅರ್ಧಕ್ಕೆ ಬಿಟ್ಟು ಬೇರೆ ಕಡೆ ಹೋಗುವುದೇ ಇಲ್ಲಿನ ಗುರಿ ಎಂದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಮ್ಮ ಕಡೆ ಹುಡುಗ ನಡುವೆ ಕಾಲೇಜು ಬದಲಿಸಿದನೆಂದರೆ ಲವ್ವಾಗಿರಬೇಕು, ಇಲ್ಲವೇ ಹೊಡೆದಾಟ. ಮಗಳ ವಿಷಯದಲ್ಲಿ ಎರಡನ್ನೂ ಊಹಿಸಿಕೊಳ್ಳುವ ವಯಸ್ಸು ಅವರದಾಗಿರಲಿಲ್ಲ.

ಸಂಜೆಯ ಕ್ಲಾಸು. ನನ್ನ ಎಡಕ್ಕೆ ರಾತ್ರಿ ಪಾಳಿಗೆ ಹೋಗುವ ನರ್ಸ್, ಬಲಕ್ಕೆ ಲಾರಿ ಓಡಿಸುವುದು ಬಿಟ್ಟು ಬಂದ ಅರವತ್ತರ ಅಜ್ಜ, ಹಿಂದಿನ ಬೆಂಚಿನಲ್ಲಿ ಹತ್ತೊಂಬತ್ತರ ಒಂದು ಹಿಂಡು. ಮೇಷ್ಟ್ರು ದಿನಪತ್ರಿಕೆಯೊಂದರಲ್ಲಿ ಕೂದಲು ಬೆಳ್ಳಗಾಗುವವರೆಗೆ ದುಡಿದು, ಪತ್ರಿಕೆ ತೆಳ್ಳಗಾದಾಗ ಹೊರಬಿದ್ದವರು. ಅವರನ್ನು ಹೆಸರು ಹಿಡಿದು ಕರೆಯಬೇಕೆಂಬುದು ಅಲ್ಲಿನ ರೂಢಿ. ನನ್ನ ಬಾಯಿಗೆ "ಸರ್" ಬಿಟ್ಟು ಬೇರೇನೂ ಬರಲಿಲ್ಲ. ಕೊನೆಗೆ ಲಾರಿ ಅಜ್ಜನೂ ಸರ್ ಎನ್ನತೊಡಗಿದ. ನನ್ನ ಮಗನೂ ಹೈಸ್ಕೂಲಿನ ಜೊತೆಗೇ ಅದೇ ಕಾಲೇಜಿಗೆ ಬಂದು ಕ್ಯಾಲ್ಕುಲಸ್ ಓದುತ್ತಿದ್ದ. ಕಾರಿಡಾರಿನಲ್ಲಿ ನಾನು ಕಂಡರೆ ನೋಟಿಸ್ ಬೋರ್ಡು ಓದುತ್ತಾ ನಿಲ್ಲುತ್ತಿದ್ದ. ಆ ಕಾಲೇಜಿನ ನೋಟಿಸುಗಳನ್ನು ಅವನಷ್ಟು ಶ್ರದ್ಧೆಯಿಂದ ಯಾರೂ ಓದಿರಲಾರರು.

ಮೇಷ್ಟ್ರ ಮೊದಲ ಪಾಠ ತಲೆಕೆಳಗಾದ ಪಿರಮಿಡ್. ಮುಖ್ಯವಾದದ್ದು ಮೊದಲ ವಾಕ್ಯದಲ್ಲೇ ಬರಬೇಕು, ಮಿಕ್ಕದ್ದು ಮಹತ್ವ ಇಳಿದಂತೆ ಕೆಳಕ್ಕೆ. ಜಾಗ ಸಾಲದಿದ್ದರೆ ಬಾಲ ಕತ್ತರಿಸಬಹುದು. ಕೇಳಲು ಸುಲಭ. ಆದರೆ ನಾನು ಬೆಳೆದ ಊರಿನಲ್ಲಿ ಸುದ್ದಿ ಹೇಳುವ ಕ್ರಮವೇ ಬೇರೆ. ಊರಿನಿಂದ ಫೋನ್ ಬಂದರೆ ಮೊದಲು "ಊಟ ಆಯ್ತಾ", ಆಮೇಲೆ "ಅಲ್ಲಿ ಚಳಿಯಾ", ಆಮೇಲೆ "ಹತ್ತಿರ ಯಾರಾದ್ರೂ ಇದಾರಾ", ಆಮೇಲೆ "ಗಾಬರಿ ಮಾಡ್ಕೋಬೇಡ". ನಂತರ ದೊಡ್ಡಪ್ಪನಿಗೆ ಹೋದ ಅಮಾವಾಸ್ಯೆಯಿಂದ ಹುಷಾರಿರಲಿಲ್ಲ ಎಂಬ ಪೀಠಿಕೆ, ಯಾವ ಡಾಕ್ಟರು, ಯಾರ ಕಾರು, ಅಡಿಕೆ ಕೊಯ್ಲಿನ ಕಾಲವಾದ್ದರಿಂದ ಜನ ಸಿಗಲಿಲ್ಲ ಎಂಬ ವಿವರ. ದೊಡ್ಡಪ್ಪ ತೀರಿಕೊಂಡದ್ದನ್ನು ಫೋನ್ ಮಾಡಿದವರು ಹೇಳುವುದೇ ಇಲ್ಲ. ಕೇಳುವವರೇ ಊಹಿಸಿ ಅಳಬೇಕು. ನನ್ನ ಮೊದಲ ವರದಿ ಹೀಗೆಯೇ ನಡೆದು, ಮೇಷ್ಟ್ರು ಕೆಂಪು ಶಾಯಿಯಲ್ಲಿ "ಅಪಘಾತ ಎಲ್ಲಿ?" ಎಂದು ಬರೆದಿದ್ದರು. ಅದು ಹನ್ನೊಂದನೇ ಪ್ಯಾರಾದಲ್ಲಿತ್ತು. ಅಷ್ಟರೊಳಗೆ ಓದುಗರ ಮನಸ್ಸನ್ನು ಸಿದ್ಧಗೊಳಿಸಿದ್ದೆ. ಇದು ಮರ್ಯಾದೆಯ ಪದ್ಧತಿ ಎಂದೇ ನಾನು ಈಗಲೂ ನಂಬಿದ್ದೇನೆ, ಅಮೆರಿಕದವರಿಗೆ ಅಷ್ಟು ಪುರುಸೊತ್ತಿಲ್ಲ ಅಷ್ಟೇ.

ಎರಡನೇ ಪಾಠ ಅಸೋಸಿಯೇಟೆಡ್ ಪ್ರೆಸ್ಸಿನ ಸ್ಟೈಲ್‌ಬುಕ್. ಇಲ್ಲಿನ ಪತ್ರಕರ್ತರಿಗೆ ಪಂಚಾಂಗವಿದ್ದರೆ ಅದೇ. ಒಂದರಿಂದ ಒಂಬತ್ತರವರೆಗೆ ಅಕ್ಷರದಲ್ಲಿ, 10ರಿಂದ ಮೇಲಕ್ಕೆ ಅಂಕಿಯಲ್ಲಿ ಬರೆಯಬೇಕು ಎಂಬಂಥ ವಿಧಿಗಳು ಪುಟಪುಟಕ್ಕೂ ಇವೆ. 2014ರಲ್ಲಿ ‘ಮೋರ್ ದ್ಯಾನ್’ ಎನ್ನಬೇಕಾದಲ್ಲಿ ‘ಓವರ್’ ಎಂದರೂ ತಪ್ಪಿಲ್ಲ ಎಂದು ಅದು ಸಡಿಲ ಬಿಟ್ಟಿತಂತೆ. 2019ರಲ್ಲಿ ಪರ್ಸೆಂಟಿಗೆ ಚಿಹ್ನೆ ಹಾಕಬಹುದೆಂದಿತು. ಎರಡನ್ನೂ ಹೇಳುವಾಗ ಮೇಷ್ಟ್ರ ದನಿ ನಡುಗಿತು. ಪತ್ರಿಕೆ ತಮ್ಮನ್ನು ಮನೆಗೆ ಕಳಿಸಿದ್ದನ್ನು ಹೇಳುವಾಗಲೂ ಅವರು ಅಷ್ಟು ನೊಂದಿರಲಿಲ್ಲ.

ಸ್ಟೈಲ್‌ಬುಕ್ಕಿನ ಇನ್ನೊಂದು ವಿಧಿ ನನ್ನನ್ನು ಕಾಡಿತು. ಮೊದಲ ಸಲ ಪೂರ್ತಿ ಹೆಸರು, ಎರಡನೇ ಸಲದಿಂದ ಬರೀ ಲಾಸ್ಟ್ ನೇಮ್. ಪಾರ್ಕಿಂಗ್ ಶುಲ್ಕ ಏರಿಸುತ್ತಾರೆಂಬ ಸುದ್ದಿಗೆ ನಾನು ಮಾತಾಡಿಸಿದ್ದು ರಾತ್ರಿ ಪಿಜ್ಜಾ ಹಂಚುವ ಒಬ್ಬ ಹುಡುಗನನ್ನು. ಹಾಸನದ ಕಡೆಯವನು. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆಯಿರಿ ಎಂದಿದ್ದಕ್ಕೆ ಊರಿನ ಹೆಸರು ಕೊನೆಗೆ ಹೋಗಿ ಕೂತಿತ್ತು. ವಿಧಿ ಪಾಲಿಸಿ ಬರೆದೆ. ಮೇಲಿನ ಪಾರ್ಕಿಂಗ್ ಲಾಟಿನಲ್ಲಿ ಲೈಟೇ ಇಲ್ಲ ಎಂದು ಚನ್ನರಾಯಪಟ್ಟಣ ಹೇಳಿದರು. ಎರಡು ಸಲ ದಂಡ ಕಟ್ಟಿದ್ದಾಗಿ ಚನ್ನರಾಯಪಟ್ಟಣ ದೂರಿದರು. ಹೀಗೇ ಆದರೆ ಬಸ್ಸಿಗೆ ಬರುವುದಾಗಿ ಚನ್ನರಾಯಪಟ್ಟಣ ಎಚ್ಚರಿಸಿದರು. ಓದಿದರೆ ಒಂದು ಇಡೀ ತಾಲ್ಲೂಕು ಕ್ಯಾಲಿಫೋರ್ನಿಯಾದ ಪಾರ್ಕಿಂಗಿನ ವಿರುದ್ಧ ಎದ್ದು ನಿಂತಂತಿತ್ತು. ಮೇಷ್ಟ್ರು "ಒಳ್ಳೆಯ ಸೋರ್ಸ್" ಎಂದು ಮೆಚ್ಚಿದರು.

ಮುಂದಿನ ವಾರ ಒಬ್ಬ ದಾವಣಗೆರೆಯ ಹುಡುಗಿ ಸಿಕ್ಕಳು. ಅವಳ ಲಾಸ್ಟ್ ನೇಮ್ ಅಪ್ಪನ ಹೆಸರು. ಹೀಗಾಗಿ ಬ್ಯಾಂಕಿನಿಂದ ರಿಟೈರ್ ಆಗಿ ಮನೆಯಲ್ಲಿ ಕೂತ ಅವಳ ತಂದೆ, ಅಚ್ಚಾದ ವರದಿಯ ಪ್ರಕಾರ, ನಮ್ಮ ಕಾಲೇಜಿನ ಮಹಿಳಾ ವಾಟರ್ ಪೋಲೋ ತಂಡದ ಗೋಲ್‌ಕೀಪರ್.

ಪಾರ್ಕಿಂಗ್ ಶುಲ್ಕದ ತೀರ್ಮಾನವಾಗುವುದು ಕಾಲೇಜಿನ ಟ್ರಸ್ಟಿಗಳ ಸಭೆಯಲ್ಲಿ. 1953ರ ಬ್ರೌನ್ ಆಕ್ಟ್ ಪ್ರಕಾರ ಅಂಥ ಸಭೆಗೆ ಯಾರು ಬೇಕಾದರೂ ಹೋಗಿ ಕೂರಬಹುದು. ಅಜೆಂಡಾವನ್ನು 72 ಗಂಟೆ ಮೊದಲೇ ಎಲ್ಲರಿಗೂ ಕಾಣುವಂತೆ ಹಾಕಬೇಕು. ಸಾರ್ವಜನಿಕರಿಗೆ ಮಾತಾಡಲು ಬಿಡಬೇಕು. ನಮ್ಮಲ್ಲಿ ತಲೆಗೆ ಮೂರು ನಿಮಿಷ. ಹಸಿರು ದೀಪ, ಹಳದಿ ದೀಪ, ಕೆಂಪು ದೀಪ. ಪ್ರತಿ ಸಭೆಗೂ ತಪ್ಪದೆ ಬರುವ ಒಬ್ಬ ಹಿರಿಯರಿದ್ದರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಮಡಿಸಿದ ಕಾಗದ. ಅಜೆಂಡಾ ಏನೇ ಇರಲಿ, ಅವರು ಮಾತಾಡುತ್ತಿದ್ದುದು ಕಾಲೇಜಿನ ಗಡಿಯಾರ ಏಳು ನಿಮಿಷ ಹಿಂದಿದೆ ಎಂಬುದರ ಬಗ್ಗೆ. ಕೆಂಪು ದೀಪ ಹತ್ತಿದರೂ ನಿಲ್ಲಿಸುತ್ತಿರಲಿಲ್ಲ. ನಿಮ್ಮ ಗಡಿಯಾರದ ಲೆಕ್ಕದಲ್ಲಿ ನಾನಿನ್ನೂ ಮಾತು ಶುರುವೇ ಮಾಡಿಲ್ಲ ಎಂಬುದು ಅವರ ವಾದ. ಶುಲ್ಕದ ವಿಷಯ ಬರುವಾಗ ರಾತ್ರಿ ಹತ್ತಾಗಿತ್ತು. ಪರ, ವಿರೋಧ, ಕೈ ಎತ್ತಿ, ಆಯಿತು, ಪಾಸು. ಗಡಿಯಾರದ ಸುದ್ದಿಯನ್ನೇ ಮುಖ್ಯ ಮಾಡೋಣವೇ ಎಂದು ಕೇಳಿದೆ. ಮೇಷ್ಟ್ರು ಬಹಳ ಹೊತ್ತು ಯೋಚಿಸಿ, ಬೇಡ ಎಂದರು.

ಪತ್ರಿಕೆಗಳ ಇತಿಹಾಸದ ಕ್ಲಾಸಿನಲ್ಲಿ ನಿಮ್ಮ ನಿಮ್ಮ ಭಾಷೆಯ ಮೊದಲ ಪತ್ರಿಕೆಯ ಬಗ್ಗೆ ಮಾತಾಡಿ ಎಂದಾಗ ನಾನು ‘ಮಂಗಳೂರ ಸಮಾಚಾರ’ದ ಕಥೆ ಹೇಳಿದೆ. ಬಾಸೆಲ್ ಮಿಷನ್ನಿನ ಮೋಗ್ಲಿಂಗ್, 1843ರ ಜುಲೈ 1, ಕಲ್ಲಚ್ಚಿನಲ್ಲಿ ಮುದ್ರಣ. ವರ್ಷ ತುಂಬುವ ಮೊದಲೇ, 1844ರಲ್ಲಿ, ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಎಂದು ಹೆಸರು ಬದಲಿಸಿಕೊಂಡಿತು ಎಂದದ್ದೇ ತಡ, ಲಾರಿ ಅಜ್ಜ "ಹಾಗಾದರೆ ಅದೂ ನಮ್ಮ ಹಾಗೆ ಟ್ರಾನ್ಸ್‌ಫರ್ ಕೇಸು" ಎಂದು ಮೇಜು ಗುದ್ದಿದ.

ಅಪ್ಪಯ್ಯನ ಅಸಮಾಧಾನ ತೊಲಗಿಸಿದ್ದು ಜಿಮ್ ಲೆಹ್ರರ್. ಅಮೆರಿಕದ ಪಬ್ಲಿಕ್ ಟೆಲಿವಿಷನ್ನಿನಲ್ಲಿ ದಶಕಗಳ ಕಾಲ ಸುದ್ದಿ ಹೇಳಿದ, ಅಧ್ಯಕ್ಷೀಯ ಚುನಾವಣೆಗಳ 12 ಚರ್ಚೆಗಳನ್ನು ನಡೆಸಿಕೊಟ್ಟ ಮನುಷ್ಯ. ಆತ ಓದಿದ್ದು ಟೆಕ್ಸಾಸಿನ ವಿಕ್ಟೋರಿಯಾ ಕಾಲೇಜು ಎಂಬ ಇಂಥದ್ದೇ ಎರಡು ವರ್ಷದ ಕಾಲೇಜಿನಲ್ಲಿ. ಅಲ್ಲಿಂದ ಮಿಸ್ಸೌರಿ ವಿಶ್ವವಿದ್ಯಾಲಯಕ್ಕೆ ಹೋಗಿ 1956ರಲ್ಲಿ ಪತ್ರಿಕೋದ್ಯಮದ ಪದವಿ ಪಡೆದದ್ದು. ಇಷ್ಟಕ್ಕೆ ಅಪ್ಪಯ್ಯ "ಹೂಂ" ಎಂದರು. ವಿಕ್ಟೋರಿಯಾದಲ್ಲಿ ಓದುವಾಗ ಆತ ಬಸ್ ಡಿಪೋದಲ್ಲಿ ಟಿಕೆಟ್ ಕೊಡುತ್ತಾ, ಯಾವ ಬಸ್ಸು ಯಾವ ಊರಿಗೆ ಹೊರಡುತ್ತದೆಂದು ಮೈಕಿನಲ್ಲಿ ಕೂಗುತ್ತಿದ್ದ, ಆ ಊರುಗಳ ಪಟ್ಟಿಯನ್ನು ದೊಡ್ಡವನಾದ ಮೇಲೂ ಬಾಯಿಪಾಠ ಒಪ್ಪಿಸುತ್ತಿದ್ದ ಎಂದಾಗ ಫೋನಿನಲ್ಲಿ ಕುರ್ಚಿ ಎಳೆದ ಸದ್ದಾಯಿತು. "ಮೈಕಲ್ಲಿ?" ಎಂದರು. ಹೌದೆಂದೆ. ಅಪ್ಪಯ್ಯ ಗಂಟಲು ಸರಿಮಾಡಿಕೊಂಡು, ಶಿವಮೊಗ್ಗ, ಭದ್ರಾವತಿ, ತರೀಕೆರೆ, ಬೀರೂರು, ಕಡೂರು, ಅರಸೀಕೆರೆ, ತಿಪಟೂರು, ತುಮಕೂರು ಮಾರ್ಗವಾಗಿ ಬೆಂಗಳೂರಿಗೆ ಹೋಗುವ ವಾಹನವನ್ನು ಹೊರಡಿಸಿಯೇ ಬಿಟ್ಟರು. ಅಡಿಗೆಮನೆಯಿಂದ ಅಮ್ಮ ಏನೋ ಕೂಗಿದ್ದು ಕೇಳಿಸಿತು. "ಹಾಗೆ ಕೂಗಿದವನು ಸುಳ್ಳು ಸುದ್ದಿ ಹೇಳೋದು ಸಾಧ್ಯವಿಲ್ಲ. ಜನ ತಪ್ಪು ಬಸ್ ಹತ್ತಿದ್ರೆ ವಾಪಸ್ ಬಂದು ಬೈತಾರೆ" ಎಂದರು. ಪತ್ರಿಕಾಧರ್ಮದ ಬಗ್ಗೆ ಮೇಷ್ಟ್ರು ಹೇಳಿದ್ದಕ್ಕಿಂತ ಇದೇ ನನಗೆ ಸರಿಯಾಗಿ ಅರ್ಥವಾಯಿತು.

ಟ್ರಾನ್ಸ್‌ಫರಿಗೆ ಪತ್ರಿಕೋದ್ಯಮವೊಂದೇ ಸಾಲದು. ಸ್ಟಾಟಿಸ್ಟಿಕ್ಸ್ ಬೇಕು, ಭಾಷಣ ಕಲೆ ಬೇಕು, ಲ್ಯಾಬ್ ಇರುವ ಒಂದು ವಿಜ್ಞಾನ ಬೇಕು. ನಾನು ಭೂವಿಜ್ಞಾನ ತೆಗೆದುಕೊಂಡು ಕಲ್ಲುಗಳ ಪರಿಚಯ ಮಾಡಿಕೊಂಡೆ. ವರದಿಗಾರರಿಗೆ ಕಲ್ಲು ಯಾಕೆ ಎಂದು ಯಜಮಾನರು ಕೇಳಿದರು. ಎಲ್ಲಿಂದ ಬಂತು ಎಂದಾದರೂ ತಿಳಿಯಬೇಕಲ್ಲ ಎಂದೆ.

2010ರ ಕಾನೂನಿನ ಪ್ರಕಾರ ಗೊತ್ತುಪಡಿಸಿದ ಎರಡು ವರ್ಷದ ಡಿಗ್ರಿ ಮುಗಿಸಿದವರಿಗೆ ಸ್ಟೇಟ್ ಯೂನಿವರ್ಸಿಟಿಯಲ್ಲಿ ಜಾಗ ಖಾತರಿ. ಆದರೆ ಕೇಳಿದ ಕ್ಯಾಂಪಸ್ಸೇ ಸಿಗುತ್ತದೆಂಬ ಖಾತರಿ ಇಲ್ಲ. ಕೌನ್ಸೆಲರ್ ಇದನ್ನು ಚಾರ್ಟು ಬಿಡಿಸಿ ಹೇಳಿದರೂ ನನ್ನ ತಲೆಗೆ ಹೋಗಲಿಲ್ಲ. ಅಪ್ಪಯ್ಯ ಒಂದೇ ಮಾತಿನಲ್ಲಿ ಮುಗಿಸಿದರು: "ಸೀಟು ರಿಸರ್ವ್ ಆಗಿದೆ. ಯಾವ ಬಸ್ಸು ಅಂತ ಪ್ಲಾಟ್‌ಫಾರ್ಮಿಗೆ ಬಂದ ಮೇಲೇ ಗೊತ್ತಾಗೋದು."

ಬಸ್ಸು ಹತ್ತಿರದ್ದೇ ಸಿಕ್ಕಿತು. ವಿಶ್ವವಿದ್ಯಾಲಯದ ಪತ್ರಿಕೆಯ ಸಂಪಾದಕಿಗೆ ವಯಸ್ಸು ಇಪ್ಪತ್ತೊಂದು. ನನ್ನನ್ನು ಹೆಸರು ಹಿಡಿದು ಕರೆದು, ಹೊಸಬರಿಗೆಲ್ಲ ಮೊದಲು ಇದನ್ನೇ ಕೊಡುವುದು ಎಂದು ಪಾರ್ಕಿಂಗ್ ಶುಲ್ಕದ ಸುದ್ದಿ ಒಪ್ಪಿಸಿದಳು. ಇಲ್ಲಿ ಶುಲ್ಕ ಅಲ್ಲಿಗಿಂತ ಜಾಸ್ತಿ, ಜಾಗ ಅಲ್ಲಿಗಿಂತ ಕಮ್ಮಿ. ಯಾರನ್ನು ಮಾತಾಡಿಸಲಿ ಎಂದು ಸುತ್ತ ನೋಡುತ್ತಿದ್ದೆ. ಮೂರನೇ ಮಹಡಿಯಲ್ಲಿ ಕಾರು ಸಿಕ್ಕಿಸಲಾಗದೆ ಕನ್ನಡದಲ್ಲೇ ಬೈಯುತ್ತಿದ್ದ ಹುಡುಗನೊಬ್ಬ ಕಂಡ. ಹತ್ತಿರ ಹೋಗಿ ಮೊದಲು ಲಾಸ್ಟ್ ನೇಮ್ ಕೇಳಿದೆ. ಅರಕಲಗೂಡು ಎಂದ.