ಅರೆಬರೆ ಶುದ್ಧಿ ಬೇಡ

ರೈಲಿನ ಟಿಕೇಟಿನಲ್ಲಿ ಎಲ್ಲಿಂದ, ಎಲ್ಲಿಗೆ, ಎಷ್ಟು ರೊಕ್ಕ ಎಂದು ಅಚ್ಚಾಗಿರುತ್ತದೆ. ಯಾಕೆ ಎಂಬುದು ಮಾತ್ರ ಇರುವುದಿಲ್ಲ. ಈ ಒಂದು ಕಾಲಮ್ಮಿನ ಕೊರತೆಯಿಂದ ನಮ್ಮ ಗಡಿಸೀಮೆಯ ಶೇಡಬಾಳದಲ್ಲಿ ಧರ್ಮ ಕೆಡುತ್ತಿದೆ. ಇತ್ತ ಮುಖದ ಗಾಡಿ ಹತ್ತಿದರೆ ಮಿರಜ. ಅಲ್ಲಿ ಖ್ವಾಜಾ ಶಂಸುದ್ದೀನ್ ಮೀರಾಸಾಹೇಬರ ದರ್ಗಾ. ಅತ್ತ ಮುಖದ್ದು ಹತ್ತಿದರೆ ಉಗಾರ, ಕೃಷ್ಣೆಯ ಸೇತುವೆ, ಕುಡಚಿ. ಅಲ್ಲಿ ಮಾಸಾಹೇಬಾ ದರ್ಗಾ. ಜೈನ ಆಚಾರ್ಯ ವಿದ್ಯಾನಂದ ಮುನಿಗಳು 1925ರಲ್ಲಿ ಹುಟ್ಟಿದ ಈ ಊರು ಎರಡು ಗುಮ್ಮಟಗಳ ನಡುವೆ ಸಿಕ್ಕಿಯೂ ಇಷ್ಟು ವರ್ಷ ಹೇಗೆ ಬದುಕಿತು ಎಂಬುದು ಈಗ ಕೆಲವರ ನಿದ್ದೆ ಕೆಡಿಸಿದೆ.

ನಿದ್ದೆ ಕೆಟ್ಟವರು ಎರಡು ಬಗೆ. ಒಬ್ಬರು ಗಡ್ಡ ನೀವಿಕೊಂಡು, "ಗೋರಿಗೆ ತಲೆ ಬಾಗಿಸಿದರ ಶಿರ್ಕ್ ಆಗ್ತದ, ಅಲ್ಲಾಗ ಸರಿಜೋಡಿ ಇಟ್ಟಂಗ" ಅನ್ನುತ್ತಾರೆ. ಇನ್ನೊಬ್ಬರು ಕೇಸರಿ ಶಾಲು ಸರಿಮಾಡಿಕೊಂಡು, "ಗೋರಿಗೆ ಕೈ ಮುಗದರ ಧರ್ಮದ್ರೋಹ ಆಗ್ತದ" ಅನ್ನುತ್ತಾರೆ. ಇಬ್ಬರೂ ಒಂದೇ ಅಂಗಡಿಯಲ್ಲಿ ಚಹಾ ಕುಡಿಯುವುದಿಲ್ಲ. ಕುಡಿಯುತ್ತಿದ್ದರೆ ಒಂದೇ ಕರಪತ್ರ ಅಚ್ಚು ಹಾಕಿಸಿ ಅರ್ಧ ಖರ್ಚು ಉಳಿಸಬಹುದಿತ್ತು. ಮೊದಲಿನವರ ವಾದಕ್ಕೆ ವಯಸ್ಸೂ ಇದೆ, ವಶೀಲಿಯೂ ಇದೆ. ಗೋರಿ ನೋಡಲೆಂದೇ ಪ್ರಯಾಣ ಹೊರಡುವುದು ತಪ್ಪು ಎಂದು ಧರ್ಮಪಂಡಿತ ಇಬ್ನ್ ತೈಮಿಯಾ 14ನೇ ಶತಮಾನದಲ್ಲೇ ವಾದಿಸಿದ್ದ. 1920ರ ದಶಕದಲ್ಲಿ ಸೌದಿ ದೊರೆತನ ಮದೀನಾದ ಬಕೀ ಸ್ಮಶಾನದ ಗುಮ್ಮಟಗಳನ್ನೇ ನೆಲಸಮ ಮಾಡಿತು. ಎರಡನೆಯವರದು ಅಷ್ಟು ಹಳೆಯ ಶಾಸ್ತ್ರವಲ್ಲ, ಹೆಚ್ಚಿನಂಶ ವಾಟ್ಸಾಪಿನದು.

ನಾನು ಶುದ್ಧೀಕರಣದ ಪರವೇ. ನನ್ನ ತಕರಾರು ಇಷ್ಟೆ: ಮಾಡುವುದಾದರೆ ಪೂರಾ ಮಾಡಿ.

ಮೊದಲು ಮತದಾರರ ಪಟ್ಟಿ ಹಿಡಿಯಿರಿ. ನಮ್ಮ ಸೀಮೆಯಲ್ಲಿ ಫಕೀರಪ್ಪ, ಪೀರಪ್ಪ, ಹುಸೇನಪ್ಪ ಎಂಬ ಹೆಸರಿನವರು ಊರೂರಿಗೆ ಸಿಗುತ್ತಾರೆ. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ, ಆಧಾರ ಕಾರ್ಡಿನಲ್ಲಿ ಫಕೀರ. ಮಕ್ಕಳು ಉಳಿಯದ ಮನೆಯಲ್ಲಿ ಯಾವುದೋ ಪೀರನಿಗೆ ಹರಕೆ ಹೊತ್ತು ಹಡೆದ ತಾಯಂದಿರು ಮಾಡಿಟ್ಟ ಕಿತಾಪತಿ ಇದು. ಈಗ ಇವರನ್ನೆಲ್ಲ ತಹಶೀಲ್ದಾರ ಕಚೇರಿಗೆ ಕರೆದು ಹೆಸರು ತಿದ್ದಿಸಬೇಕು. ಅಫಿಡವಿಟ್ಟು, ಎರಡು ಫೋಟೋ, ಪತ್ರಿಕೆಯಲ್ಲಿ ಜಾಹೀರಾತು. ಹೊಲದ ಉತಾರ, ಸೊಸೈಟಿ ಸಾಲ, ಸಕ್ಕರೆ ಕಾರ್ಖಾನೆಯ ಕಬ್ಬಿನ ಬಿಲ್ಲು ಎಲ್ಲ ಹೊಸ ಹೆಸರಿಗೆ ಬರುವ ಹೊತ್ತಿಗೆ ಶುದ್ಧನಾದವನು ಸತ್ತಿರುತ್ತಾನೆ. ಅದೇ ಹೆಸರಿನ ಮೊಮ್ಮಗ ಕಾಲೇಜಿಗೆ ಹೋಗುತ್ತಿರುತ್ತಾನೆ.

ಆಮೇಲೆ ಸಂಗೀತ. ಮೀರಾಸಾಹೇಬರ ದರ್ಗಾದ ಆವರಣದಲ್ಲಿ ಒಬ್ಬ ಗಾಯಕ ಮಲಗಿದ್ದಾನೆ: ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನ್. ಸತ್ತದ್ದು 1937ರಲ್ಲಿ, ದೂರದ ತಮಿಳುನಾಡಿನ ಒಂದು ರೈಲು ನಿಲ್ದಾಣದಲ್ಲಿ. ಮಣ್ಣಾಗಲು ಬಂದದ್ದು ಮಿರಜಕ್ಕೆ. ಅವನ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವ. ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಈಗ ಲೆಕ್ಕ ಹಾಕಿ. ದರ್ಗಾಕ್ಕೆ ಹೋಗಬೇಡಿ ಎಂದು ಭಾಷಣ ಮಾಡುವವನ ಮನೆಯಲ್ಲಿ ಮುಂಜಾನೆ ಭೀಮಸೇನರ ದಾಸವಾಣಿ ಹಚ್ಚಿರುತ್ತಾರೆ. ಪುರಂದರದಾಸರ ಆ ಪದ ದರ್ಗಾದ ಅಂಗಳ ಹಾದೇ ಅವನ ದೇವರ ಕೋಣೆಗೆ ಬಂದಿದೆ. ಅದನ್ನು ಬಂದ್ ಮಾಡಬೇಕು. ಇನ್ನೊಂದು ಬದಿಯ ಶುದ್ಧಾತ್ಮರಿಗೆ ಈ ತೊಂದರೆಯಿಲ್ಲ. ಅವರಿಗೆ ಸಂಗೀತವೇ ಹರಾಮು, ಒಂದೇ ಏಟಿಗೆ ಎರಡೂ ಮುಗಿಯುತ್ತವೆ.

ದವಾಖಾನೆಯ ವಿಷಯ ಇನ್ನೂ ಜಟಿಲ. ಕಾಗವಾಡ, ಅಥಣಿ ಕಡೆಯವರಿಗೆ ಜಡ್ಡಾದರೆ ಮಿರಜವೇ ಗತಿ. ಅಲ್ಲಿ 1894ರಲ್ಲಿ ಆಸ್ಪತ್ರೆ ತೆರೆದ ಡಾಕ್ಟರ್ ವಾನ್ಲೆಸ್ ಕ್ರೈಸ್ತ ಮಿಶನರಿ. ಶೇಡಬಾಳದ ಜೈನ ಮುದುಕ ಬಸದಿಗೆ ಕೈ ಮುಗಿದು ಹೊರಡುತ್ತಾನೆ, ದವಾಖಾನೆಯಲ್ಲಿ ಸ್ಕ್ಯಾನ್ ಮಾಡಿಸುತ್ತಾನೆ, ಹೊರಬಿದ್ದು ಮೀರಾಸಾಹೇಬರ ಹತ್ತಿರ ಸಕ್ಕರೆ ಓದಿಸಿಕೊಂಡು ಮನೆಗೆ ಬರುತ್ತಾನೆ. ಗುಣವಾದರೆ ಯಶಸ್ಸು ಯಾರದು? ಡಾಕ್ಟರು ಬಿಲ್ಲು ತೋರಿಸಬಹುದು, ಬಸದಿ ನೋಂಪಿ ತೋರಿಸಬಹುದು. ದರ್ಗಾದವರ ಬಳಿ ತೋರಿಸಲಿಕ್ಕೆ ರಸೀದಿಯೇ ಇಲ್ಲ. ಇದಕ್ಕೊಂದು ಇಲಾಖೆ ಬೇಕು. ಜೊತೆಗೆ ಆ ಮುದುಕ ಹರಕೆ ಹೊತ್ತದ್ದು ಕನ್ನಡದಲ್ಲಿ, ಸಂತ ಇರುವುದು ಮಹಾರಾಷ್ಟ್ರದಲ್ಲಿ. ಗಡಿ ಗದ್ದಲ ಎದ್ದಾಗ ಬಸ್ಸುಗಳಿಗೆ ಮಸಿ ಬಳಿಯುವ ವೀರರು ಈ ಅಕ್ರಮ ಸಾಗಾಣಿಕೆ ಹೇಗೆ ಬಿಟ್ಟರೋ ಗೊತ್ತಾಗುವುದಿಲ್ಲ. ಗಡಿ ವಿವಾದದ ಮಹಾಜನ ವರದಿಯಲ್ಲೂ ಹರಕೆಗಳ ಹಂಚಿಕೆ ಇಲ್ಲ.

ಕೇಸರಿ ಶಾಲಿನವರಿಗೆ ಒಂದು ಮಾತು ಪ್ರತ್ಯೇಕವಾಗಿ ಹೇಳುವುದಿದೆ. ಮಿರಜದ ಉರುಸಿನಲ್ಲಿ ಗೋರಿಗೆ ಹೊದಿಸುವ ಮಾನದ ಮೊದಲ ಗಲೀಫ ಚರ್ಮಕಾರ ಸಮಾಜದ್ದು. ಮೆಟ್ಟು ಹೊಲಿಯುವವರು ಹೊದಿಸಿದ ಮೇಲೆ ಉಳಿದವರ ಪಾಳಿ. ಆ ಜನಕ್ಕೆ ಹೋಗಿ, "ಅಲ್ಯಾಕ ಹೊಕ್ಕೀರಿ, ನಿಮ್ಮ ದೇವರಿಲ್ಲೇನು, ಮನಿಗೆ ತಿರುಗಿ ಬರ್ರಿ" ಎಂದು ಕರೆಯುವ ಮುಂಚೆ ಕರೆಯುವವರು ಬಾಗಿಲು ಸ್ವಲ್ಪ ಒರೆಸಿಡಬೇಕು. ಯಾವ ಗುಡಿಯಲ್ಲಿ ಅವರಿಗೆ ಮೊದಲ ಮಾನ ಕೊಡುತ್ತೀರಿ ಎಂದು ಕರಪತ್ರದಲ್ಲಿ ಅಚ್ಚು ಹಾಕಿಸಿದರೆ ಹಂಚಲು ನಾನೂ ಬರುತ್ತೇನೆ. ಮೊದಲ ಮಾನ ದೂರದ ಮಾತಾಯಿತು, ಹೊಸ್ತಿಲ ಒಳಗಿನ ಮಾನವಾದರೂ ಸಾಕು.

ದರ್ಗಾದೊಳಗೆಲ್ಲ ಹಾಲು ಜೇನು ಎಂದೇನೂ ನಾನು ಹೇಳುತ್ತಿಲ್ಲ. ಮುಂಬಯಿಯ ಹಾಜಿ ಅಲಿಯಲ್ಲಿ ಹೆಣ್ಣುಮಕ್ಕಳು ಗೋರಿಯ ಹತ್ತಿರ ಬರಬಾರದು ಎಂದು ಟ್ರಸ್ಟಿನವರು ತಡೆದರು. 2016ರ ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟು ಆ ತಡೆ ಕಿತ್ತುಹಾಕಬೇಕಾಯಿತು. ಕುಡಚಿಯಲ್ಲಿ ಸಂತಳೇ ಹೆಣ್ಣು. ಅವಳನ್ನು ಹೊರಗೆ ನಿಲ್ಲಿಸುವ ಉಪಾಯ ಇನ್ನೂ ಯಾವ ಟ್ರಸ್ಟಿಗೂ ಹೊಳೆದಿಲ್ಲ.

ಸ್ವಾಮಿಗಳನ್ನೂ ಬಿಡುವಂತಿಲ್ಲ. ಗೋಕಾಕ ತಾಲೂಕಿನ ಸಾವಳಗಿ ಮಠದ ಶಿವಲಿಂಗೇಶ್ವರರಿಗೂ ಕಲಬುರಗಿಯ ಸೂಫಿ ಬಂದೇನವಾಜರಿಗೂ ನಂಟಿನ ಕತೆಯಿದೆ, ಅಲ್ಲಿನ ಪೀಠದವರ ಉಡುಗೆ ಹಸಿರು. ಶುದ್ಧೀಕರಣ ಸಮಿತಿಯವರು ಹಸಿರು ಕಂಡಲ್ಲೆಲ್ಲ ಓಡುವವರು. ಮಠದ ಬಾಗಿಲಿಗೆ ಬಂದು ಒಳಗೆ ನುಗ್ಗುವುದೋ ಕಾಲಿಗೆ ಬೀಳುವುದೋ ತಿಳಿಯದೆ ನಿಲ್ಲುವುದನ್ನು ನೋಡಲು ನನಗಂತೂ ಆಸೆ.

ಇನ್ನು ದಿಲ್ಲಿ. 2024ರ ನವೆಂಬರಿನಲ್ಲಿ, ಅಜ್ಮೇರ ದರ್ಗಾ ಇರುವ ಜಾಗದಲ್ಲಿ ಶಿವನ ಗುಡಿ ಇತ್ತು ಎಂಬ ಅರ್ಜಿಯ ಮೇಲೆ ಅಜ್ಮೇರದ ಕೋರ್ಟು ನೋಟಿಸು ಕೊಟ್ಟಿತು. 2025ರ ಜನವರಿಯಲ್ಲಿ ಪ್ರಧಾನಿಯವರ ಚಾದರ ಎಂದಿನಂತೆ ಅಜ್ಮೇರಕ್ಕೆ ಹೋಯಿತು. ಹೊತ್ತುಕೊಂಡು ಹೋದವರು ಸಚಿವ ಕಿರಣ್ ರಿಜಿಜು. ನಿಯಮ ಇಷ್ಟು ಸರಳ: ಚಾದರ ದಿಲ್ಲಿಯಿಂದ ಹೊರಟರೆ ಪರಂಪರೆ, ಶೇಡಬಾಳದಿಂದ ಹೊರಟರೆ ದ್ರೋಹ. ಬಟ್ಟೆ ಎರಡೂ ಕಡೆ ಒಂದೇ ಗಿರಣಿಯದು ಇರಬಹುದು.

ಇಷ್ಟೆಲ್ಲ ಇದ್ದರೂ ನಮ್ಮ ಓಣಿಯ ಒಬ್ಬ ತರುಣ ಪಕ್ಕದ ಮನೆಯ ಮುದುಕಿಗೆ ಬುದ್ಧಿ ಹೇಳಿದನಂತೆ.

"ಆಯಿ, ಇನ್ಮ್ಯಾಲೆ ದರ್ಗಾಕ್ಕ ಹೋಗಬ್ಯಾಡ್ರಿ."

"ಹೂಂ ಯಪ್ಪಾ, ಹೋಗಂಗಿಲ್ಲ. ನೀ ಹುಟ್ಟುಮುಂದ ನಿಮ್ಮವ್ವಗ ಭಾಳ ತ್ರಾಸ ಆಗಿತ್ತು. ಆವಾಗ ಬೇಡಿಕೊಂಡಿದ್ದ ಗಲೀಫ ಒಂದು ಬಾಕಿ ಐತಿ. ಅದೊಂದ ಹಾಕಿ ಬಂದಬಿಡ್ತೀನಿ."

ತರುಣ ಸುಮ್ಮನಾಗಲಿಲ್ಲ. ಜನಕ್ಕೆ ತಿಳುವಳಿಕೆ ಕಡಿಮೆ, ದೊಡ್ಡ ಜಾಗೃತಿ ಸಭೆಯೇ ಆಗಬೇಕು ಅನ್ನುತ್ತಿದ್ದಾನೆ. ಆಗಲಿ. ಗಡ್ಡದವರನ್ನೂ ಕರೆಯಲಿ, ವಿಷಯ ಒಂದೇ ಇರುವಾಗ ಎರಡು ವೇದಿಕೆ ಯಾಕೆ? ಅಧ್ಯಕ್ಷತೆಗೆ ಯಾರಾದರೂ ಹಿರಿಯ ಫಕೀರಪ್ಪನವರು ಸಿಕ್ಕೇ ಸಿಗುತ್ತಾರೆ. ಒಂದೇ ಎಚ್ಚರಿಕೆ: ತಾರೀಖು ಗೊತ್ತು ಮಾಡುವಾಗ ಮಿರಜದ ಉರುಸನ್ನು ತಪ್ಪಿಸಬೇಕು. ಆ ದಿನ ಪೆಂಡಾಲಿನವ, ಮೈಕ್ ಸೆಟ್ಟಿನವ, ಭಾಷಣ ಕೇಳಲು ಬರಬೇಕಾದ ಜನ ಯಾರೂ ಊರಲ್ಲಿ ಸಿಗುವುದಿಲ್ಲ.