ಬಾಡಿಗೆ ಹುಲ್ಲು

ಕುದುರೆ ಕಂಡರೆ ಕಾಲುನೋವು ಎಂಬ ಗಾದೆಯನ್ನು ನಮ್ಮ ಕಡೆ ಸೋಮಾರಿಗಳಿಗೆಂದೇ ಮೀಸಲಿಟ್ಟಿದ್ದಾರೆ. ಇಂಗ್ಲೆಂಡಿನ ಮಗಳ ಮನೆಯಲ್ಲಿ ಆರು ತಿಂಗಳು ಇದ್ದು ಬಂದ ಮೇಲೆ ನನ್ನ ಪಾಲಿಗೆ ಆ ಗಾದೆ ಸ್ವಲ್ಪ ಮೇಲಕ್ಕೇರಿದೆ. ನನಗೆ ಕುದುರೆ ಕಂಡರೆ ಸೊಂಟನೋವು. ಹತ್ತಿದ್ದರಿಂದಲ್ಲ, ಬಾಚಿದ್ದರಿಂದ.

ಶುರುವಾದದ್ದು ಒಂದು ಫೋನಿನಿಂದ. "ಅಪ್ಪಾ, ಅಂತೂ ಒಂದೂವರೆ ಎಕರೆ ಸಿಕ್ಕಿತು" ಎಂದಳು ಮಗಳು. ನಾನು ಬ್ಯಾಂಕಿನಲ್ಲಿ 35 ವರ್ಷ ಲೆಕ್ಕ ಬರೆದವನು. ಎಕರೆ ಅಂದಕೂಡಲೇ ಕಿವಿ ನೆಟ್ಟಗಾಯಿತು. ಆಕ್ಸ್‌ಫರ್ಡ್‌ಶೈರ್‌ನಲ್ಲಿ ಮಗಳು ಜಮೀನು ಮಾಡಿದಳು ಎಂದು ಸಾಗರದ ಪೇಟೆಯಿಂದ ನಮ್ಮೂರಿನ ಕಟ್ಟೆಯವರೆಗೆ ಸುದ್ದಿ ಹಬ್ಬಿಸಿದೆ. ಅಡಿಕೆ ಆಗುತ್ತದೋ ಎಂದು ಒಬ್ಬರು ವಿಚಾರಿಸಿದರು. ಮಣ್ಣು ನೋಡಿ ಹೇಳುತ್ತೇನೆ ಎಂದು ಗಂಭೀರವಾಗಿ ಉತ್ತರಿಸಿ ವಿಮಾನ ಹತ್ತಿದೆ.

ಅಲ್ಲಿ ಇಳಿದ ಮೇಲೆ ತಿಳಿದದ್ದು: ಮಗಳು ಕೊಂಡದ್ದು ಜಮೀನಲ್ಲ, ಬಾಡಿಗೆಗೆ ಹಿಡಿದ ಹುಲ್ಲು. ಅದೂ ಮೊಮ್ಮಗಳ ಕುದುರೆಗೆ. ಟಾಫಿ ಎಂಬ ಆ ಪ್ರಾಣಿ ವೇಲ್ಸ್ ಗುಡ್ಡಗಾಡಿನ ತಳಿಯ ಪೋನಿ. ಎತ್ತರ 12 ಕೈ ಎಂದು ಮೊಮ್ಮಗಳು ಹೆಮ್ಮೆಯಿಂದ ಹೇಳಿದಾಗ ನಾನು ಆನೆಯನ್ನೇ ಕಲ್ಪಿಸಿಕೊಂಡೆ. ಅಲ್ಲಿ ಕುದುರೆ ಅಳೆಯುವ ಒಂದು ಕೈ ಎಂದರೆ ನಾಲ್ಕೇ ಇಂಚು. ಲೆಕ್ಕ ಹಾಕಿದರೆ ನಾಲ್ಕಡಿ, ಅದೂ ಹೆಗಲಿನವರೆಗೆ. ನಮ್ಮ ಮನೆಯ ಗೌರಿ ಹಸುವಿನ ಪಕ್ಕ ನಿಲ್ಲಿಸಿದರೆ ಅದರ ಕರುವೆಂದೇ ಅಂದುಕೊಳ್ಳಬೇಕು.

ಊರಂಗಡಿಯ ಬೋರ್ಡಿಗೆ ಸಿಕ್ಕಿಸಿದ್ದ ಚೀಟಿ ನೋಡಿ ಮಗಳು ಆ ಗದ್ದೆ ಹಿಡಿದಿದ್ದಳು. ಕುದುರೆಗಳಿಗೆ ಖಾಸಗಿ ಹುಲ್ಲುಗಾವಲು ಬಾಡಿಗೆಗಿದೆ, ನೀರು, ಬೇಲಿ, ನೆರಳಿಗೊಂದು ಸೂರು ಉಂಟು, ಬೇಕಾದವರಿಗೆ ಆರೈಕೆಯ ಏರ್ಪಾಟೂ ಉಂಟು ಎಂದು ಅದರಲ್ಲಿತ್ತು. ಒಂದು ಕುದುರೆಗೆ ಒಂದರಿಂದ ಒಂದೂವರೆ ಎಕರೆ ಬೇಕು ಎಂಬುದು ಅಲ್ಲಿನವರ ಲೆಕ್ಕ. ಬಾಡಿಗೆ ವಾರಕ್ಕೆ 30 ಪೌಂಡ್. ಅದನ್ನು ರೂಪಾಯಿಗೆ ತಿರುಗಿಸಬಾರದೆಂದು ಮಗಳು ಮೊದಲೇ ಎಚ್ಚರಿಸಿದ್ದಳು. ತಿರುಗಿಸಿದೆ. ಮೂರು ಸಾವಿರ ದಾಟಿತು. ಅಂದು ರಾತ್ರಿ ನಿದ್ದೆ ಹತ್ತಲಿಲ್ಲ.

ಮಲೆನಾಡಿನವರಾದ ನಮಗೆ ಹುಲ್ಲೆಂದರೆ ಮಳೆ ಬಂದರೆ ಬೇಡವೆಂದರೂ ಬರುವ ನೆಂಟ. ಮನೆ ಹಿಂದಿನ ಬ್ಯಾಣದಲ್ಲಿ ಬೆಳೆದದ್ದನ್ನು ದನ ಮೇಯ್ದು, ಉಳಿದದ್ದನ್ನು ಕರಡ ಮಾಡಿ ಅಟ್ಟಕ್ಕೇರಿಸಿದರೆ ಮುಗಿಯಿತು. ಬ್ಯಾಣವಿಲ್ಲದವರಿಗೆ ಗೋಮಾಳ. 100 ದನಗಳಿಗೆ 30 ಎಕರೆ ಗೋಮಾಳ ಇರಬೇಕೆಂದು ನಮ್ಮ ಸರ್ಕಾರದ ನಿಯಮವೇ ಇದೆ. ಆ ಲೆಕ್ಕದಲ್ಲಿ ಟಾಫಿ ಒಬ್ಬನೇ ಐದು ದನಗಳ ಪಾಲು ನುಂಗಿ ಕೂತಿದ್ದ. ನಮ್ಮ ಗೋಮಾಳಗಳು ಫಾರಂ 50, 53, 57ರ ಸಕ್ರಮದ ಅರ್ಜಿಗಳನ್ನು ಮೇಯಿಸುತ್ತಾ ಈಗ ಬಹುಪಾಲು ಕಾಗದದ ಮೇಲೆ ಮಾತ್ರ ಹಸಿರಾಗಿವೆ ಎಂಬುದು ಬೇರೆ ಮಾತು. ಇಂಗ್ಲೆಂಡಿನವರು ಈ ಕೆಲಸವನ್ನು ಇನ್ನೂ ಅಚ್ಚುಕಟ್ಟಾಗಿ ಮುಗಿಸಿದ್ದಾರೆ. ಊರೊಟ್ಟಿನ ಮೇವಿನ ನೆಲಕ್ಕೆ ಬೇಲಿ ಹಾಕಿಕೊಳ್ಳಲು 1604ರಿಂದ 1914ರ ನಡುವೆ ಅವರ ಪಾರ್ಲಿಮೆಂಟು 5,000ಕ್ಕೂ ಹೆಚ್ಚು ಕಾಯ್ದೆಗಳನ್ನು ಮಾಡಿತು. ನಾವು ರಾತ್ರೋರಾತ್ರಿ ಬೇಲಿ ಸರಿಸುತ್ತೇವೆ, ಅವರು ಹಾಡಹಗಲೇ ಮಸೂದೆ ಮಂಡಿಸಿ ಸರಿಸಿದರು. ಆ ಬೇಲಿಯೊಳಗಿನ ಒಂದು ತುಂಡಿಗೇ ನನ್ನ ಮಗಳು ವಾರ ವಾರ ಬಾಡಿಗೆ ಕಟ್ಟುತ್ತಿದ್ದದ್ದು.

ಗದ್ದೆಯ ಒಡತಿ ಎಪ್ಪತ್ತರ ಅಂಚಿನ ಅಜ್ಜಿ. ಮೊಣಕಾಲವರೆಗೆ ಬೂಟು, ಹಿಂದೆ ಎರಡು ನಾಯಿ. ಬಾಡಿಗೆದಾರನ ಪೂರ್ವಾಪರ ವಿಚಾರಿಸುವುದರಲ್ಲಿ ಬೆಂಗಳೂರಿನ ಮನೆ ಓನರುಗಳು ಈಕೆಯ ಮುಂದೆ ಪಾಠ ಕಲಿಯಬೇಕು. ಟಾಫಿ ಹುಟ್ಟಾ ಸಸ್ಯಾಹಾರಿ, ರಾತ್ರಿ ಸ್ನೇಹಿತರನ್ನು ಕರೆತರುವವನಲ್ಲ. ಆದರೂ ಮೊದಲ ಪ್ರಶ್ನೆ ಬೀಜದ ಗಂಡೋ ಎಂಬುದು. ಬೆಂಗಳೂರಿನಲ್ಲಿ ಬ್ಯಾಚುಲರ್‌ಗಳಿಗೆ ಮನೆ ಕೊಡದ ಹಾಗೆ ಅಲ್ಲಿ ಹೆಚ್ಚಿನವರು ಬೀಜದ ಕುದುರೆಗೆ ಗದ್ದೆ ಕೊಡುವುದಿಲ್ಲ. ಟಾಫಿಗೆ ಚಿಕ್ಕಂದಿನಲ್ಲೇ ಬೀಜ ತೆಗೆಸಿಯಾಗಿತ್ತು. ಪಾಪ, ಬಾಡಿಗೆ ಮನೆಗೋಸ್ಕರ ಇಷ್ಟು ತ್ಯಾಗ ಮಾಡಿದ ಬ್ಯಾಚುಲರ್ ನಮ್ಮಲ್ಲಿ ಯಾರಿದ್ದಾನೆ?

ಎರಡನೆಯದು ಪಾಸ್‌ಪೋರ್ಟು. ಹೌದು, ಬ್ರಿಟನ್ನಿನಲ್ಲಿ ಪ್ರತಿ ಕುದುರೆಗೂ ಪಾಸ್‌ಪೋರ್ಟು ಕಡ್ಡಾಯ. ಸಾಲದ್ದಕ್ಕೆ ಇಂಗ್ಲೆಂಡಿನಲ್ಲಿ 2020ರ ಅಕ್ಟೋಬರ್‌ನಿಂದ ಎಲ್ಲ ಕುದುರೆಗಳ ಕತ್ತಿನೊಳಗೆ ಮೈಕ್ರೋಚಿಪ್ಪೂ ಇರಬೇಕು. ಟಾಫಿಯ ಪಾಸ್‌ಪೋರ್ಟು ತೆರೆದು ನೋಡಿದೆ. ಕುದುರೆಯ ಚಿತ್ರ ಬರೆದು ಮೈಮೇಲೆ ಎಲ್ಲೆಲ್ಲಿ ಸುಳಿ ಇದೆ ಎಂದು ಗುರುತು ಹಾಕಿದ್ದರು. ನನಗೆ ರೋಮಾಂಚನವಾಯಿತು. ಸುಳಿ ನೋಡದೆ ನಮ್ಮಜ್ಜ ಒಂದು ಹೋರಿ ಕೊಂಡವನಲ್ಲ. ಹಣೆಯ ಮೇಲೆ ಜೋಡಿ ಸುಳಿ ಇದ್ದರೆ ಹಾಗೆ, ಬೆನ್ನ ಮೇಲಿದ್ದರೆ ಹೀಗೆ ಎಂದು ಕೊಟ್ಟಿಗೆ ಕಟ್ಟೆಯ ಮೇಲೆ ಕೂತು ಭವಿಷ್ಯ ಹೇಳುತ್ತಿದ್ದ. ಅವರದು ಗುರುತಿಗೆ, ನಮ್ಮದು ಗ್ರಹಚಾರಕ್ಕೆ. ಅಂತೂ ಅಜ್ಜ ಇದ್ದಿದ್ದರೆ ಬ್ರಿಟಿಷ್ ಸರ್ಕಾರದಲ್ಲಿ ಒಂದು ನೌಕರಿ ಗ್ಯಾರಂಟಿ.

ಮೂರನೆಯದು, "ಆರೈಕೆ ಬೇಕೋ?" ಇದಕ್ಕೆ ಅವರು ಲಿವರಿ ಎನ್ನುತ್ತಾರೆ. ಒಂದು ಕಾಲದಲ್ಲಿ ದೊಡ್ಡ ಮನೆಯ ಧಣಿ ತನ್ನ ಆಳುಗಳಿಗೆ ಕೊಡುತ್ತಿದ್ದ ಅನ್ನ-ಬಟ್ಟೆಗೆ ಇದ್ದ ಹೆಸರದು. ಈಗ ಧಣಿಯ ಜಾಗದಲ್ಲಿ ಕುದುರೆ ನಿಂತಿದೆ, ಮಿಕ್ಕದ್ದು ಹಾಗೇ ಇದೆ. ಬೆಂಗಳೂರಿನ ಪಿ.ಜಿ. ಕಂಡವರಿಗೆ ಇದರ ದರ್ಜೆಗಳು ಸುಲಭವಾಗಿ ಅರ್ಥವಾಗುತ್ತವೆ. ಜಾಗ ಮಾತ್ರ ಅವರದು, ಉಳಿದ ಚಾಕರಿಯೆಲ್ಲ ನಮ್ಮದು ಎಂಬುದೊಂದು. ಬೆಳಗಿನ ಕೆಲಸ ಅವರು, ಸಂಜೆಯದು ನೀವು ಎಂಬುದು ಇನ್ನೊಂದು. ತಿಂಡಿ, ಊಟ, ಸ್ನಾನ, ಹಾಸಿಗೆ, ಕಂಬಳಿ ಹೊದಿಸುವುದು ಎಲ್ಲ ಅವರೇ ಎಂಬುದು ಮತ್ತೊಂದು. ಕೊನೆಯದಕ್ಕೆ ಹೇಳಿದ ದರದಲ್ಲಿ ನಾನು ಆ ಕಾಲಕ್ಕೆ ಇಡೀ ಸಂಸಾರ ಸಾಕಿದ್ದೆ. ಕುದುರೆ ಸಾಕಿದವರು ಅಲ್ಲಿ ಕೆಲಸಕ್ಕೆ ಹೋಗುವುದು ಕುದುರೆಗೆ ಬಾಡಿಗೆ ಕಟ್ಟಲು, ಕೆಲಸಕ್ಕೆ ಹೋದಾಗ ಕುದುರೆ ನೋಡಿಕೊಳ್ಳುವವರಿಗೆ ಕೊಡಲು.

"ಅರ್ಧ ಆರೈಕೆ ಬೇಕಿತ್ತು" ಎಂದ ಮಗಳು ನನ್ನ ಕಡೆ ತಿರುಗಿ ಒಮ್ಮೆ ನೋಡಿದಳು. "ಆದರೆ ಸೆಪ್ಟೆಂಬರ್‌ವರೆಗೆ ಬೇಡ. ನಮ್ಮಪ್ಪ ಬಂದಿದ್ದಾರೆ."

ಚೀಟಿಯಲ್ಲಿದ್ದ 'ಬೇಕಾದವರಿಗೆ ಆರೈಕೆಯ ಏರ್ಪಾಟು' ನಾನೇ ಎಂದು ಆಗ ಗೊತ್ತಾಯಿತು. ಪ್ರವಾಸಿ ವೀಸಾದಲ್ಲಿ ಬಂದವರು ಕೆಲಸ ಮಾಡಕೂಡದಂತೆ ಎಂದು ಕಾನೂನು ತೆಗೆದೆ. "ಸಂಬಳ ಕೊಟ್ಟರೆ ತಾನೇ ಅಪ್ಪಾ ಕೆಲಸ?" ಎಂದಳು.

ಬೆಳಿಗ್ಗೆ ಆರಕ್ಕೆ ಕೈಗಾಡಿ ತಳ್ಳಿಕೊಂಡು ಗದ್ದೆಗೆ ಹೋಗಿ, ಮುಳ್ಳುಗೋಲಿನಂಥ ಸಾಧನದಿಂದ ಲದ್ದಿ ಹೆಕ್ಕುವುದು ಮೊದಲ ಕೆಲಸ. ದೊಡ್ಡ ಕುದುರೆಯಾದರೆ ದಿನಕ್ಕೆ 15ರಿಂದ 20 ಕಿಲೊ ಹಾಕುತ್ತದೆ. ನಮ್ಮ ಕುಳ್ಳನದು ಅದರ ಅರ್ಧ, ಆದರೆ ಒಂದೂವರೆ ಎಕರೆಯಲ್ಲಿ ಸಮಾನ ಹಂಚಿಕೆ. ಅದನ್ನು ಅಲ್ಲೇ ಬಿಟ್ಟರೆ ಹೊಟ್ಟೆಹುಳದ ಕಾಟ. ಜೊತೆಗೆ ಲದ್ದಿ ಬಿದ್ದ ಸುತ್ತಿನ ಹುಲ್ಲನ್ನು ಕುದುರೆ ಮೂಸಿಯೂ ನೋಡದು, ಬಾಡಿಗೆ ಕೊಟ್ಟ ನೆಲ ಹಾಳು. ಮೂಟೆ ಕಟ್ಟಿ ದಣಪೆಯ ಹೊರಗಿಟ್ಟರೆ ತೋಟದವರು ಪುಕ್ಕಟೆ ಒಯ್ಯುತ್ತಾರೆ. "ಊರಲ್ಲಿ ಹುಲ್ಲು ಹಾಕಿ ಹಾಲು ತಗೊಳ್ತೀವಿ. ಇವರು ದುಡ್ಡು ಕೊಟ್ಟು ಲದ್ದಿ ತಗೊಂಡು ಅದನ್ನೂ ದಾನ ಮಾಡ್ತಾರಲ್ರೀ" ಎಂದಳು ನನ್ನ ಹೆಂಡತಿ. ಚಿಕ್ಕಂದಿನಲ್ಲಿ ಸಗಣಿ ಬುಟ್ಟಿ ಕಂಡರೆ ಮೂಗು ಮುಚ್ಚಿ ಓಡುತ್ತಿದ್ದ ಮಗಳು, ಭಾನುವಾರ ತಾನೇ ಲದ್ದಿ ಹೆಕ್ಕುತ್ತಾ ಇದರಲ್ಲಿ ಮನಸ್ಸಿಗೆ ಎಷ್ಟು ಶಾಂತಿ ಇದೆ ಗೊತ್ತಾ ಎನ್ನುತ್ತಿದ್ದಳು. ಆ ಶಾಂತಿ ಸಾಗರದಲ್ಲೂ ಧಾರಾಳವಾಗಿ ಬಿದ್ದಿತ್ತು.

ಜುಲೈನಲ್ಲಿ ಗದ್ದೆಯಂಚಿನಲ್ಲಿ ಹಳದಿ ಹೂ ಅರಳಿತು. ಸೇವಂತಿಗೆ ಮರಿಯ ಹಾಗಿದೆ ಎಂದು ಹೆಂಡತಿ ಒಂದು ಮಡಿಲು ಕೊಯ್ದು ತಂದು ದೇವರಿಗೆ ಏರಿಸಿದಳು. ಮಗಳು ಬಂದವಳೇ ಕಿರುಚಿದಳು. ಅದು ರಾಗ್‌ವರ್ಟ್. ಕುದುರೆಯ ಲಿವರ್ ತಿನ್ನುವ ವಿಷ. 1959ರ ಕಳೆ ಕಾಯ್ದೆಯಲ್ಲೇ ಅದರ ಹೆಸರಿದೆ, ಸಾಲದೆಂದು 2003ರಲ್ಲಿ ಅದೊಂದಕ್ಕೇ ಬೇರೆ ಕಾಯ್ದೆ ಮಾಡಿದ್ದಾರೆ. ಹಸಿಯಿದ್ದಾಗ ಕಹಿಯೆಂದು ಕುದುರೆ ಮುಟ್ಟುವುದಿಲ್ಲ. ಒಣಗಿ ಹುಲ್ಲಿನಲ್ಲಿ ಬೆರೆತರೆ ಕಹಿ ಹೋಗುತ್ತದೆ, ವಿಷ ಉಳಿಯುತ್ತದೆ. ನಮ್ಮ ಲಂಟಾನವೂ ದನಗಳ ಲಿವರಿಗೆ ಮಾಡುವುದು ಇದನ್ನೇ. ಆದರೆ ಲಂಟಾನಕ್ಕೆ ಕಾಯ್ದೆಯ ಗೌರವ ಯಾರು ಕೊಟ್ಟರು? ಆ ವಾರವೆಲ್ಲ ಕೈಗವಸು ಹಾಕಿಕೊಂಡು ಬೇರುಸಹಿತ ಕಿತ್ತೆವು.

ಹುಲ್ಲಿಗೆ ಇಷ್ಟು ಖರ್ಚು ಮಾಡಿದ ಮೇಲೆ ಕುದುರೆ ಹೊಟ್ಟೆ ತುಂಬ ತಿನ್ನಲಿ ಎಂದರೆ ಅದೂ ಇಲ್ಲ. ಅಲ್ಲಿನ ವಸಂತದ ಹುಲ್ಲಿನಲ್ಲಿ ಸಕ್ಕರೆ ಹೆಚ್ಚು. ಇಂಥ ಪೋನಿಗಳು ಅದನ್ನು ಮಿತಿಮೀರಿ ತಿಂದರೆ ಗೊರಸಿನೊಳಗೆ ಬಾವು ಬಂದು ನಿಲ್ಲಲೂ ಆಗದ ಹಾಗೆ ಕುಂಟುತ್ತವೆ. ಅದಕ್ಕೆ ಟಾಫಿಯ ಬಾಯಿಗೆ ಕುಕ್ಕೆ. ಒಕ್ಕಣೆಯಲ್ಲಿ ನಮ್ಮ ಎತ್ತುಗಳು ಭತ್ತಕ್ಕೆ ಬಾಯಿ ಹಾಕದಿರಲಿ ಎಂದು ಕಟ್ಟುತ್ತೇವಲ್ಲ, ಅದೇ. ತಳದಲ್ಲೊಂದು ತೂತು, ತೂರಿದಷ್ಟು ಎಸಳು ಅವನ ಭಾಗ್ಯ. ಒಣಹುಲ್ಲನ್ನೂ ನೀರಲ್ಲಿ ನೆನೆಸಿ, ಸಕ್ಕರೆ ಬಿಟ್ಟ ನೀರು ಚೆಲ್ಲಿ ಕೊಡಬೇಕು. ಇತ್ತ ನನಗೂ ಸಕ್ಕರೆ ಕಾಯಿಲೆ. ಮನೆಯಲ್ಲಿ ಗಂಜಿ ಬಸಿದ ಅನ್ನ, ಅಳತೆಯ ಬಟ್ಟಲು. ಮೊಮ್ಮಗಳು ಬಿಸ್ಕತ್ತಿನ ಡಬ್ಬಿಯನ್ನು ನಮ್ಮಿಬ್ಬರಿಂದಲೂ ಬಚ್ಚಿಡುತ್ತಿದ್ದಳು. ಕುಕ್ಕೆಯೊಂದು ಬಿಟ್ಟರೆ ನಮ್ಮಿಬ್ಬರಲ್ಲಿ ವ್ಯತ್ಯಾಸವಿರಲಿಲ್ಲ.

ಸಮದುಃಖಿಗಳ ನಡುವೆ ಕಾನೂನು ಎಷ್ಟು ದಿನ ನಿಂತೀತು? ಒಂದು ಸಂಜೆ ಯಾರೂ ಇಲ್ಲದಾಗ ಅವನ ಕುಕ್ಕೆ ಬಿಚ್ಚಿದೆ. ಅವನ ಪಾಲಿನ ಮೇವು ಗುರುತಿಸಿ ಕಟ್ಟಿದ್ದ ಕರೆಂಟಿನ ಪಟ್ಟಿಯನ್ನು ನಾಲ್ಕು ಹೆಜ್ಜೆ ಆಚೆ ಸರಿಸಿದೆ. ಒತ್ತುವರಿ ನಮ್ಮ ರಕ್ತದಲ್ಲೇ ಇದೆ, ಕೈ ನಡುಗಲಿಲ್ಲ. ಟಾಫಿ ತಲೆಯೆತ್ತದೆ ಅರ್ಧ ಗಂಟೆ ಮೇಯ್ದ. ನಾನು ಜೇಬಿನಲ್ಲಿದ್ದ ಚಾಕೊಲೇಟು ತಿಂದೆ. ಮಾರನೇ ದಿನ ಅಜ್ಜಿ ಬಂದು ಹುಲ್ಲಿನ ಎತ್ತರ ನೋಡಿಯೇ ಕಳ್ಳತನ ಹಿಡಿದಳು. ಅವನ ಗೊರಸಿಗೆ ಏನೂ ಆಗಲಿಲ್ಲ. ನನ್ನ ಬೆಳಗಿನ ಶುಗರ್ ಮಾತ್ರ ಏರಿತ್ತು. ಶಿಕ್ಷೆಯಾಗಿ ನನಗೆ ಸಂಜೆಯ ಲದ್ದಿಯೂ ಸೇರಿತು.

ಸೆಪ್ಟೆಂಬರ್ ಕೊನೆಗೆ ಊರಿಗೆ ಬಂದೆವು. ವಾರ ಕಳೆದು ಮಗಳ ಫೋನು: "ಅಪ್ಪಾ, ಈಗ ಆ ಅಜ್ಜಿಗೇ ಆರೈಕೆ ವಹಿಸಿದ್ದೇನೆ. ನೀವು ಮಾಡುತ್ತಿದ್ದುದಕ್ಕೆ ದಿನಕ್ಕೆ 8 ಪೌಂಡ್ ತಗೊಳ್ತಾಳೆ." ಗುಮಾಸ್ತನ ಕೈ ಸುಮ್ಮನಿರಲಿಲ್ಲ. ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದೆ: 150 ದಿನ, 1,200 ಪೌಂಡ್. ರೂಪಾಯಿಗೆ ತಿರುಗಿಸಿ, ಕೆಳಗೆ ಎರಡು ಗೆರೆ ಎಳೆದು, ಹೆಂಡತಿಗೆ ತೋರಿಸಿ, "ನೋಡು, ಆರು ತಿಂಗಳ ನನ್ನ ದುಡಿಮೆ" ಎಂದೆ.

ಅವಳು ಕೊಟ್ಟಿಗೆಯಿಂದ ಬಂದವಳು, ಕೈಯಲ್ಲಿ ಸಗಣಿ ಬುಟ್ಟಿ ಹಾಗೇ ಇತ್ತು. ಹಾಳೆಯನ್ನು ಒಮ್ಮೆ ನೋಡಿದಳು.

"ಚೆನ್ನಾಗಿದೆ. ಪೆನ್ನು ಕೆಳಗಿಡಬೇಡಿ. ನಾನು ಈ ಮನೆಗೆ ಬಂದು 41 ವರ್ಷ ಆಯ್ತು, ಅದನ್ನೂ ಒಂದು ಹಾಕಿಬಿಡಿ."

ಹಾಳೆ ಮಡಿಚಿ ಜೇಬಿಗಿಟ್ಟೆ. ಬುಟ್ಟಿ ಇಸಿದುಕೊಂಡು ಗೊಬ್ಬರಗುಂಡಿಯ ಕಡೆ ನಡೆದೆ. ಸೊಂಟ ನೋಯುತ್ತಿತ್ತು, ಆದರೆ ಅದನ್ನು ಹೇಳುವ ಹೊತ್ತು ಅದಾಗಿರಲಿಲ್ಲ.